ಹೊಸತೊಡಕಿನ ಮಾರನೇ ದಿನದ ಸಾರು: ಕುದಿಸಿಟ್ಟರೆ ಸಾಕಾ?

ಯುಗಾದಿ ದಿನ ಒಬ್ಬಟ್ಟು, ಮಾರನೇ ದಿನ ಬಾಡು. ಮಂಡ್ಯ ಕಡೆಯವರಿಗೆ ಹೊಸತೊಡಕು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಚೀಟಿ ಕಟ್ಟಿ ಕುರಿ ತಂದು, ಗುಡ್ಡೆ ಬಾಡು ಹಂಚಿಕೊಳ್ಳುವ ಊರುಗಳಿವೆ. ಪೇಟೆಯಲ್ಲಿ ಬೆಳಕು ಹರಿಯುವ ಮುಂಚೆಯೇ ಅಂಗಡಿ ಮುಂದೆ ಸಾಲು. ಮನೆಗೆ ಹತ್ತು ಜನ ಬರುತ್ತಾರೆ ಅಂದರೆ ಇಪ್ಪತ್ತು ಜನಕ್ಕೆ ಆಗುವಷ್ಟು ಬೇಯಿಸುತ್ತೇವೆ, ಎರಡನೇ ಸಲ ಬಡಿಸುವಾಗ ಸೌಟು ತಳ ಕೆರೆಯಬಾರದು ನೋಡಿ. ಹಾಗಾಗಿ ಸಂಜೆ ಹೊತ್ತಿಗೆ ಅರ್ಧ ಡಬರಿ ಸಾರು ಉಳಿದೇ ಇರುತ್ತದೆ.

ಆಮೇಲೆ ಏನು ಮಾಡುತ್ತೇವೆ? ರಾತ್ರಿ ಮಲಗುವ ಮುಂಚೆ ಒಂದು ಕುದಿ ಕುದಿಸಿ, ತಟ್ಟೆ ಮುಚ್ಚಿ, ಒಲೆ ಮೇಲೇ ಬಿಡುತ್ತೇವೆ. ಬೆಳಿಗ್ಗೆ ಮತ್ತೊಂದು ಕುದಿ. ನಮ್ಮ ಅಜ್ಜಿ ಹಾಗೇ ಮಾಡುತ್ತಿದ್ದರು, ಅಮ್ಮನೂ ಹಾಗೇ. ನಾನೂ ಹಾಗೇ ಮಾಡುತ್ತಿದ್ದೆ, ಒಂದು ಬೀಗರೂಟದ ಮಾರನೇ ದಿನದವರೆಗೆ. ಅವತ್ತು ಬೆಳಿಗ್ಗೆ ಉಳಿದ ನಾಟಿ ಕೋಳಿ ಸಾರನ್ನು ಇಡ್ಲಿ ಜೊತೆ ಎಲ್ಲರೂ ತಿಂದೆವು. ಸಾರು ಘಮ್ ಅಂತಿತ್ತು, ಹಳಸಿದ ವಾಸನೆ ಒಂಚೂರೂ ಇರಲಿಲ್ಲ. ಸಂಜೆಯಿಂದ ಶುರುವಾಯಿತು ನೋಡಿ, ಒಬ್ಬೊಬ್ಬರಿಗೇ ಹೊಟ್ಟೆ ನುಲಿತ, ಭೇದಿ. ಮನೆಯಲ್ಲಿದ್ದ ಹನ್ನೊಂದು ಜನರಲ್ಲಿ ಎಂಟು ಜನ ಮಲಗಿಬಿಟ್ಟರು. ಅಮ್ಮ ನೀರಿನ ಮೇಲೆ ಅನುಮಾನ ಪಟ್ಟರು, ಅತ್ತೆ ದೃಷ್ಟಿ ಅಂದರು. ಡಾಕ್ಟರು ಮಾತ್ರ ಒಂದೇ ಪ್ರಶ್ನೆ ಕೇಳಿದರು: "ರಾತ್ರಿ ಸಾರು ಎಲ್ಲಿಟ್ಟಿದ್ರಿ?"

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಕುದಿಸಿದ್ದೆವಲ್ಲ, ಇನ್ನೇನು? ಕುದಿಸಿದರೆ ಕ್ರಿಮಿ ಸಾಯುವುದಿಲ್ಲವಾ? ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳೋಣ ಅಂತ ಕೂತು ಓದಿದೆ. ಒಂದು ವಿಷಯ ಮನಸ್ಸಿಗೆ ಬಂತು. ನಾವು ಗಮನ ಕೊಡುವುದೆಲ್ಲ ಸಾರು ಕುದಿಯುವ ಹೊತ್ತಿಗೆ. ತೊಂದರೆ ಹುಟ್ಟುವುದು ಅದು ಆರುವ ಹೊತ್ತಿನಲ್ಲಿ.

ಹೇಗೆ ಅಂತ ಹೇಳುತ್ತೇನೆ. ಮಾಂಸದಲ್ಲಿ, ಮಣ್ಣಿನಲ್ಲಿ, ಪ್ರಾಣಿಗಳ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಒಂದು ಬ್ಯಾಕ್ಟೀರಿಯಾ ಇರುತ್ತದೆ. ಹೆಸರು ಉದ್ದ, ನೆನಪಿಟ್ಟುಕೊಳ್ಳಬೇಕಿಲ್ಲ. ಅದರ ಗುಣ ಮಾತ್ರ ನೆನಪಿರಲಿ. ಕಷ್ಟ ಬಂದಾಗ ಅದು ಗಟ್ಟಿ ಸಿಪ್ಪೆ ಕಟ್ಟಿಕೊಂಡು ಬೀಜದ ಹಾಗೆ ಕೂತುಬಿಡುತ್ತದೆ. ಒಣ ರಾಗಿ ಕಾಳು ವರ್ಷಗಟ್ಟಲೆ ಸುಮ್ನೆ ಇದ್ದು ನೀರು ಬಿದ್ದಾಗ ಮೊಳಕೆ ಒಡೆಯುತ್ತದಲ್ಲ, ಹಾಗೆ. ಈ ಬೀಜದ ರೂಪ ನಮ್ಮ ಸಾರಿನ ಕುದಿತಕ್ಕೆ ಸಾಯುವುದಿಲ್ಲ. ಇನ್ನೂ ಕೇಳಿ, ಆ ಬಿಸಿಯೇ ಅದನ್ನು ಎಬ್ಬಿಸುತ್ತದೆ. ಕುದಿದ ಸಾರಿನಲ್ಲಿ ಬೇರೆ ಕ್ರಿಮಿಗಳೆಲ್ಲ ಸತ್ತಿರುತ್ತವೆ, ಪೈಪೋಟಿ ಇಲ್ಲ. ಕುದಿಯುವಾಗ ಸಾರಿನೊಳಗಿನ ಗಾಳಿಯೂ ಹೊರಗೆ ಹೋಗಿರುತ್ತದೆ, ಇದಕ್ಕೆ ಗಾಳಿ ಕಂಡರೆ ಆಗುವುದಿಲ್ಲ, ಹಾಗಾಗಿ ಅದೂ ಅನುಕೂಲವೇ. ಮಸಾಲೆ ಗಟ್ಟಿಯಾಗಿ ಕೂತ ಡಬರಿ ತಳ ಅಂದರೆ ಅದಕ್ಕೆ ತವರು ಮನೆ.

ಈಗ ಲೆಕ್ಕ ನೋಡಿ. 43ರಿಂದ 47 ಡಿಗ್ರಿ ಆಸುಪಾಸಿನ ಬಿಸಿ ಈ ಬ್ಯಾಕ್ಟೀರಿಯಾಗೆ ತುಂಬ ಇಷ್ಟ. ಅಂಥ ಜಾಗದಲ್ಲಿ ಸುಮಾರು 10 ನಿಮಿಷಕ್ಕೆ ಒಮ್ಮೆ ಅದು ಎರಡರಷ್ಟಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ 20 ಸಲ ಆದರೆ 10 ಲಕ್ಷ ದಾಟುತ್ತದೆ. 20 ಸಲಕ್ಕೆ ಬೇಕಾಗಿರುವುದು 200 ನಿಮಿಷ, ಅಂದರೆ 3 ಗಂಟೆ 20 ನಿಮಿಷ. ಎಲ್ಲ ಅನುಕೂಲ ಒಟ್ಟಿಗೆ ಸಿಕ್ಕಾಗ ಮಾತ್ರ ಇಷ್ಟು ವೇಗ, ಅದು ನಿಜ. ಆದರೆ ಒಂದು ಗ್ರಾಂನಲ್ಲಿ 10 ಲಕ್ಷ ಆಸುಪಾಸು ಸೇರಿದರೆ ಹೊಟ್ಟೆ ಕೆಡುವ ಮಟ್ಟ ಮುಟ್ಟಿತು ಅಂತಲೇ ಲೆಕ್ಕ. ರಾತ್ರಿ 9ಕ್ಕೆ ಕುದಿಸಿ ಮುಚ್ಚಿಟ್ಟ ದೊಡ್ಡ ಡಬರಿಯನ್ನು ಬೆಳಗಿನ ಜಾವ ಮುಟ್ಟಿ ನೋಡಿ, ಇನ್ನೂ ಉಗುರುಬೆಚ್ಚಗೆ ಇರುತ್ತದೆ. ಆ ಉಗುರುಬೆಚ್ಚಗಿನ ದಾರಿಯಲ್ಲಿ ಸಾರು ಎಷ್ಟು ಗಂಟೆ ಕಳೆದಿದೆ ಅಂತ ನೀವೇ ಲೆಕ್ಕ ಹಾಕಿ.

ಬೆಳಿಗ್ಗೆ ಮತ್ತೆ ಕುದಿಸುತ್ತೇವಲ್ಲ ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ಮೊಳಕೆ ಒಡೆದು ಬೆಳೆದ ಬ್ಯಾಕ್ಟೀರಿಯಾ ನಿಜವಾದ ಕುದಿತಕ್ಕೆ ಸಾಯುತ್ತದೆ. ಆದರೆ ಬೆಳಿಗ್ಗೆ ಅವಸರದಲ್ಲಿ ನಾವು ಮಾಡುವುದು ಏನು? ಅಂಚಿನಲ್ಲಿ ನಾಲ್ಕು ಗುಳ್ಳೆ ಬಂದರೆ ಬಿಸಿಯಾಯಿತು ಅಂತ ಇಳಿಸಿಬಿಡುತ್ತೇವೆ. ನಡುವಿನ ಮಸಾಲೆ, ದಪ್ಪ ತುಂಡಿನ ಒಳಗು ಬೆಚ್ಚಗಾಗಿರುತ್ತದೆ ಅಷ್ಟೇ. ನಮ್ಮ ಮನೆಯಲ್ಲಿ ಅವತ್ತು ಆಗಿದ್ದು ಇದೇ ಅಂತ ನನ್ನ ನಂಬಿಕೆ. ಬೆಳಿಗ್ಗೆ ತಿಂದದ್ದು, ಸಂಜೆ ಭೇದಿ. ಈ ಬ್ಯಾಕ್ಟೀರಿಯಾ ತೊಂದರೆ ಕೊಡುವುದು ತಿಂದ 6ರಿಂದ 24 ಗಂಟೆಯೊಳಗೆ, ಸಾಮಾನ್ಯವಾಗಿ ಒಂದು ದಿನದಲ್ಲಿ ಕಡಿಮೆಯಾಗುತ್ತದೆ, ಜ್ವರ ವಾಂತಿ ಅಷ್ಟಾಗಿ ಇರುವುದಿಲ್ಲ. ಎಲ್ಲವೂ ಹೊಂದುತ್ತದೆ.

ಇನ್ನೊಂದು ಬ್ಯಾಕ್ಟೀರಿಯಾ ಇದೆ, ಸ್ಟ್ಯಾಫಿಲೋಕಾಕಸ್. ಇದು ನಮ್ಮ ಕೈಯಲ್ಲಿ, ಮೂಗಿನಲ್ಲಿ, ಗಾಯದಲ್ಲಿ ಇರುತ್ತದೆ. ಬೆಂದ ತುಂಡನ್ನು ಕೈಯಲ್ಲಿ ಎತ್ತಿ ರುಚಿ ನೋಡಿ, ಅದೇ ಕೈಯನ್ನು ಮತ್ತೆ ಪಾತ್ರೆಗೆ ಹಾಕಿದರೆ ಅಲ್ಲಿಗೆ ಇಳಿಯುತ್ತದೆ. ಬೆಚ್ಚಗಿನ ಜಾಗದಲ್ಲಿ ಬೆಳೆದು ವಿಷ ಬಿಡುತ್ತದೆ. ಆ ವಿಷ ಕುದಿಸಿದರೂ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಬಿಟ್ಟ ವಿಷ ಸಾರಿನಲ್ಲೇ ಉಳಿಯುತ್ತದೆ. ತಿಂದು ಅರ್ಧ ಗಂಟೆಯಿಂದ 8 ಗಂಟೆಯೊಳಗೆ ವಾಂತಿ ಶುರುವಾದರೆ ಇದರ ಮೇಲೆ ಅನುಮಾನ. ಪಲಾವ್ ಉಳಿದರೆ ಮೂರನೆಯದು ಒಂದಿದೆ, ಬ್ಯಾಸಿಲಸ್ ಸೀರಿಯಸ್ ಅಂತ. ಅಕ್ಕಿಯಲ್ಲೇ ಬೀಜದ ರೂಪದಲ್ಲಿ ಬರುತ್ತದೆ, ಅನ್ನ ಬೆಂದರೂ ಬದುಕುತ್ತದೆ, ಹೊರಗಿಟ್ಟ ಅನ್ನದಲ್ಲಿ ಬೆಳೆದು ಬಿಸಿಗೆ ಹೋಗದ ವಿಷ ಬಿಡುತ್ತದೆ. ಹಾಗಾಗಿ ರಾತ್ರಿಯೆಲ್ಲ ಹೊರಗಿದ್ದ ಪಲಾವನ್ನು ಬೆಳಿಗ್ಗೆ ಬಾಣಲೆಯಲ್ಲಿ ಎಷ್ಟೇ ಹುರಿದರೂ ಭರವಸೆ ಇಲ್ಲ.

ಮೂಗಿಗೆ ಗೊತ್ತಾಗುವುದಿಲ್ಲವಾ ಅಂದರೆ, ಇಲ್ಲ. ಆಹಾರ ಹಳಸಿ ನಾರುವಂತೆ ಮಾಡುವ ಕ್ರಿಮಿಗಳು ಬೇರೆ, ಕಾಯಿಲೆ ತರುವವು ಬೇರೆ. ಎರಡನೆಯವು ಸದ್ದಿಲ್ಲದೆ ಕೆಲಸ ಮಾಡುತ್ತವೆ. ವಾಸನೆ ಬಂದರೆ ಚೆಲ್ಲಿ, ಸರಿ. ವಾಸನೆ ಬಂದಿಲ್ಲ ಅನ್ನುವುದು ಮಾತ್ರ ಒಳ್ಳೆಯದಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ.

ಹಾಗಾದರೆ ಹಿಂದಿನವರಿಗೆ ಏನೂ ಗೊತ್ತಿರಲಿಲ್ಲವಾ? ಖಂಡಿತ ಗೊತ್ತಿತ್ತು. ಉಪ್ಪುಕಂಡ ನೆನಪಿಸಿಕೊಳ್ಳಿ. ಹಸಿ ಬಾಡನ್ನು ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಖಾರ ಹಚ್ಚಿ, ಹಗ್ಗಕ್ಕೆ ನೇತುಹಾಕಿ, ಬಿಸಿಲಲ್ಲಿ ಗರಿಗರಿ ಒಣಗಿಸುತ್ತಿದ್ದರು. ನೀರಿಲ್ಲದ ಕಡೆ, ಉಪ್ಪು ಜಾಸ್ತಿ ಇರುವ ಕಡೆ ಬ್ಯಾಕ್ಟೀರಿಯಾ ಬೆಳೆಯಲಾರದು. ತಂಗಳು ಮುದ್ದೆಯನ್ನು ಹುಳಿ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಿದ್ದರು, ಹುಳಿಯೂ ಒಂದು ಕಾವಲು. ಬಾಡಿನ ಸಾರಿನಲ್ಲಿ ಇವು ಯಾವುವೂ ಇಲ್ಲ. ನೀರು ತುಂಬ ಇದೆ, ಹುಳಿ ಇಲ್ಲ, ಉಪ್ಪು ರುಚಿಗೆ ತಕ್ಕಷ್ಟೇ. ಅದರ ಮೇಲೆ ತೆಂಗಿನಕಾಯಿ ಅರೆದು ಹಾಕಿರುತ್ತೇವೆ, ಕಾಯಿ ಹಾಕಿದ್ದು ಬೇಗ ಹಳಸುತ್ತದೆ ಅಂತ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಹಿಂದೆ ಹಬ್ಬದ ಸಾರು ಮಿಕ್ಕರೆ ಅವತ್ತು ರಾತ್ರಿಯೇ ಅಕ್ಕಪಕ್ಕದ ಮನೆಗಳಿಗೆ ಹೋಗುತ್ತಿತ್ತು. ಈಗ ಅಕ್ಕಪಕ್ಕದ ಮನೆಯಲ್ಲೂ ಡಬರಿ ತುಂಬಿರುತ್ತದೆ.

ಸರಿ, ಏನು ಮಾಡಬೇಕು? 60 ಡಿಗ್ರಿಗಿಂತ ಬಿಸಿ ಇದ್ದರೆ ಬ್ಯಾಕ್ಟೀರಿಯಾ ಬೆಳೆಯದು. 5 ಡಿಗ್ರಿಗಿಂತ ತಣ್ಣಗಿದ್ದರೆ ಬಹುಪಾಲು ನಿಂತೇ ಹೋಗುತ್ತದೆ. ನಡುವಿನದು ಅಪಾಯದ ದಾರಿ. ಆ ದಾರಿಯನ್ನು ಬೇಗ ದಾಟಿಸಬೇಕು, ಇಷ್ಟೇ ಉಪಾಯ. ಅಮೆರಿಕದಲ್ಲಿ ಮನೆಗಳಿಗೆ ಹೇಳುವ ನಿಯಮ, ಬೆಂದ ಮಾಂಸ ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು, ಸುತ್ತಲ ಗಾಳಿ 32 ಡಿಗ್ರಿ ದಾಟಿದ್ದರೆ 1 ಗಂಟೆ ಮಾತ್ರ. ಹೊಸತೊಡಕು ಬರುವುದು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ. ಆಗ ಮಂಡ್ಯದ ಮಧ್ಯಾಹ್ನ 35 ಡಿಗ್ರಿ ಆಸುಪಾಸು, ಒಲೆ ಉರಿಯುವ ಅಡುಗೆಮನೆ ಇನ್ನೂ ಜಾಸ್ತಿ. ಹಾಗಾಗಿ ನಮಗೆ ಒಂದು ಗಂಟೆಯ ಲೆಕ್ಕವೇ ಸರಿ.

ಡಬರಿಯಲ್ಲೇ ಇಟ್ಟರೆ ಒಂದು ಗಂಟೆಯಲ್ಲಿ ಆರುವುದು ಆಗದ ಮಾತು. ಬಿಸಿ ಹೊರಗೆ ಹೋಗುವುದು ಮೈಯಿಂದ. ದೊಡ್ಡ ಪಾತ್ರೆಯಲ್ಲಿ ಸಾರು ಜಾಸ್ತಿ, ಅದಕ್ಕೆ ಹೋಲಿಸಿದರೆ ಮೈ ಕಡಿಮೆ. ಬಿಸಿ ಮುದ್ದೆಯನ್ನು ತಟ್ಟೆಯಲ್ಲಿ ಹಾಗೇ ಬಿಟ್ಟರೆ ಅರ್ಧ ಗಂಟೆಯಾದರೂ ಒಳಗೆ ಸುಡುತ್ತದೆ, ಅದನ್ನೇ ಮುರಿದು ಹರಡಿದರೆ ಎರಡು ನಿಮಿಷಕ್ಕೆ ತುತ್ತು ಕಟ್ಟಬಹುದು, ಅಲ್ವಾ? ಸಾರಿಗೂ ಅದೇ. ಊಟ ಮುಗಿದ ಕೂಡಲೇ ಉಳಿದದ್ದನ್ನು ಅಗಲ ಬಾಯಿಯ ಬೋಸಿಗಳಿಗೆ ಮೂರು ನಾಲ್ಕು ಬೆರಳಿನ ಎತ್ತರಕ್ಕೆ ಸುರಿಯಿರಿ. ದೊಡ್ಡ ಟಬ್ಬಿಗೋ ಪರಾತಕ್ಕೋ ತಣ್ಣೀರು ಹಾಕಿ, ಬೋಸಿಗಳನ್ನು ಅದರಲ್ಲಿಡಿ. ಇರುವೆ ಬಾರದಿರಲಿ ಅಂತ ಪಾತ್ರೆಯನ್ನು ನೀರಿನಲ್ಲಿ ಇಡುತ್ತೇವಲ್ಲ, ಅದೇ ರೀತಿ. ನೀರು ಬೆಚ್ಚಗಾದ ಹಾಗೆ ಬದಲಿಸಿ, ಐಸ್ ಇದ್ದರೆ ಹಾಕಿ, ತೊಳೆದ ಸೌಟಿನಲ್ಲಿ ಆಗಾಗ ಕೈಯಾಡಿಸಿ. ಸ್ವಲ್ಪ ಹೊತ್ತಿಗೇ ಫ್ರಿಡ್ಜಿಗೆ ಹೋಗುವ ಹದಕ್ಕೆ ಬರುತ್ತದೆ.

ಪೂರ್ತಿ ತಣ್ಣಗಾಗುವವರೆಗೆ ಕಾಯಬೇಡಿ. ಬಿಸಿ ಇಟ್ಟರೆ ಫ್ರಿಡ್ಜ್ ಕೆಡುತ್ತದೆ ಅಂತ ನಮ್ಮಲ್ಲಿ ಒಂದು ಭಯ ಇದೆ. ಹೊಗೆಯಾಡುವ ಡಬರಿಯನ್ನು ಹಾಗೇ ಒಳಗಿಟ್ಟರೆ ಪಕ್ಕದ ಹಾಲು, ಮೊಸರು ಬೆಚ್ಚಗಾಗುತ್ತವೆ, ಅದು ನಿಜ. ಬೆಚ್ಚಗಿನ ಸಣ್ಣ ಡಬ್ಬಿಗಳಿಂದ ಅಂಥದ್ದೇನೂ ಆಗುವುದಿಲ್ಲ. ಒಂದಕ್ಕೊಂದು ತಾಗದ ಹಾಗೆ ಇಡಿ, ಪೂರ್ತಿ ಆರಿದ ಮೇಲೆ ಮುಚ್ಚಳ ಬಿಗಿ ಮಾಡಿ. ಫ್ರಿಡ್ಜಿನೊಳಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಬೇಸಿಗೆಯಲ್ಲಿ, ಮನೆ ತುಂಬ ನೆಂಟರಿದ್ದು ನಿಮಿಷಕ್ಕೊಮ್ಮೆ ಬಾಗಿಲು ತೆಗೆಯುವಾಗ, ಗುಂಡಿಯನ್ನು ಒಂದು ಮನೆ ಜಾಸ್ತಿ ತಿರುಗಿಸಿ. ಕರೆಂಟು ಹೋದರೆ ಬಾಗಿಲು ತೆಗೆಯದೆ ಬಿಡಿ, ಮುಚ್ಚಿದ ಫ್ರಿಡ್ಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ.

ಎಷ್ಟು ದಿನ? 3ರಿಂದ 4 ದಿನ. ಫ್ರಿಡ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯುವ ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಇವೆ, ಅದಕ್ಕೇ ಈ ಗಡುವು. ಬಸುರಿಯರಿಗೆ ಅದು ತುಂಬ ಅಪಾಯಕಾರಿ. ಬಾಣಂತಿಗೆ ಕೋಳಿ ಸಾರು ಕೊಡುವುದು ನಮ್ಮ ಕಡೆ ರೂಢಿ, ದಯವಿಟ್ಟು ಅವರಿಗೆ ಅವತ್ತಿನದನ್ನೇ ಕೊಡಿ. ನಾಲ್ಕು ದಿನದಲ್ಲಿ ಮುಗಿಯುವುದಿಲ್ಲ ಅನ್ನಿಸಿದರೆ ಮೊದಲ ದಿನವೇ ಫ್ರೀಜರಿಗೆ ಹಾಕಿ, ನಾಲ್ಕನೇ ದಿನ ನೆನಪಾಗಿ ಹಾಕುವುದರಲ್ಲಿ ಅರ್ಥವಿಲ್ಲ. ಫ್ರೀಜರ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ನಿದ್ದೆ ಮಾಡಿಸುತ್ತದೆ. ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ ಬೆಂದ ಕೋಳಿ ನಾಲ್ಕು ತಿಂಗಳವರೆಗೂ ರುಚಿ ಉಳಿಸಿಕೊಳ್ಳುತ್ತದೆ. ಒಂದೇ ಬಾಗಿಲಿನ ಸಣ್ಣ ಫ್ರಿಡ್ಜಿನ ಮೇಲಿನ ಐಸ್ ಪೆಟ್ಟಿಗೆಯನ್ನು ಅಷ್ಟು ನಂಬಬೇಡಿ, ಅದರಲ್ಲಿ ನಾನು ಒಂದು ತಿಂಗಳು ದಾಟಿಸುವುದಿಲ್ಲ. ಒಂದು ಹೊತ್ತಿಗೆ ಆಗುವಷ್ಟನ್ನೇ ಒಂದೊಂದು ಡಬ್ಬಿಗೆ ಹಾಕಿ, ಮೇಲೆ ತಾರೀಕು ಬರೆದು ಅಂಟಿಸಿ. ಬೇಕಾದಾಗ ಹಿಂದಿನ ರಾತ್ರಿ ಫ್ರೀಜರಿನಿಂದ ಕೆಳಗಿನ ಅಂಕಣಕ್ಕೆ ಇಳಿಸಿ. ಕಟ್ಟೆ ಮೇಲಿಟ್ಟು ಕರಗಿಸಬೇಡಿ. ಬಿಸಿ ಮಾಡುವಾಗ ತಿನ್ನುವಷ್ಟನ್ನು ಮಾತ್ರ ತೆಗೆದುಕೊಂಡು, ನಡುವೆಯೂ ಕೊತಕೊತ ಕುದಿಯುವ ಹಾಗೆ ಬಿಸಿ ಮಾಡಿ. ಒಳಗೆ 74 ಡಿಗ್ರಿ ಮುಟ್ಟಬೇಕು ಅನ್ನುವುದು ಲೆಕ್ಕ, ಸಾರು ನಿಜವಾಗಿ ಕುದಿದರೆ ಅದನ್ನು ದಾಟಿರುತ್ತದೆ.

ನೆಂಟರಿಗೆ ಕಟ್ಟಿ ಕಳಿಸುವ ವಿಷಯ ಹೇಳಲೇಬೇಕು. ಬೆಂಗಳೂರಿಗೆ ಹೊರಟವರ ಕೈಗೆ ಬಿಸಿ ಬಿಸಿ ಸಾರು ತುಂಬಿದ ಕ್ಯಾರಿಯರ್ ಕೊಡುವುದು ನಮ್ಮ ಪ್ರೀತಿ. ಬಸ್ಸು ಹತ್ತಿ, ಇಳಿದು, ಸಿಟಿ ಟ್ರಾಫಿಕ್ಕಿನಲ್ಲಿ ಸಿಕ್ಕಿ ಮನೆ ಮುಟ್ಟುವಾಗ ಮೂರು ನಾಲ್ಕು ಗಂಟೆ. ಅಷ್ಟು ಹೊತ್ತೂ ಕ್ಯಾರಿಯರ್ ಒಳಗೆ ಹದವಾದ ಬೆಚ್ಚಗೆ. ಹಾಟ್‌ಬಾಕ್ಸ್ ಕೂಡ ಹಾಗೇ, ಅದು ಬಿಸಿ ಹಿಡಿದಿಡುತ್ತದೆ, ಹೊಸದಾಗಿ ಕೊಡುವುದಿಲ್ಲ. ಹಿಂದಿನ ರಾತ್ರಿಯೇ ಸಾರನ್ನು ಡಬ್ಬಿಯಲ್ಲಿ ಗಟ್ಟಿ ಐಸ್ ಮಾಡಿ, ನಾಲ್ಕು ಪದರ ಪೇಪರ್ ಸುತ್ತಿ ಕೊಡಿ. ಮನೆ ಮುಟ್ಟಿದರೂ ತಣ್ಣಗಿರುತ್ತದೆ, ಪ್ರೀತಿ ಕಡಿಮೆಯಾಗುವುದಿಲ್ಲ.

ನನ್ನ ತಂಗಿ ಅಮೆರಿಕದಲ್ಲಿದ್ದಾಳೆ. ಅಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಅವತ್ತು ಟರ್ಕಿ ಕೋಳಿಯನ್ನು ಇಡಿಯಾಗಿ ಓವನ್ನಿನಲ್ಲಿ ಬೇಯಿಸುತ್ತಾರೆ. ಹೋದ ಸಲ ಫೋನ್ ಮಾಡಿ, "ಅಕ್ಕಾ, ಆರು ಕೆಜಿ ಕೋಳಿ, ತಿನ್ನೋರು ನಾಲ್ಕೇ ಜನ, ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಏನ್ ಮಾಡ್ಲಿ?" ಅಂದಳು. ಹಬ್ಬದ ಮಾರನೇ ದಿನದ ಕಥೆ ಎಲ್ಲ ಕಡೆ ಒಂದೇ ನೋಡಿ. ಪರ್ಫ್ರಿಂಜೆನ್ಸ್‌ನಿಂದ ಅಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಹೊಟ್ಟೆ ಕೆಡುತ್ತದೆ ಅಂತ ಅಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿ ಅಂದಾಜು ಮಾಡುತ್ತದೆ. ಒಟ್ಟೊಟ್ಟಿಗೆ ಜನ ಕಾಯಿಲೆ ಬೀಳುವುದು ನವೆಂಬರ್, ಡಿಸೆಂಬರ್‌ನಲ್ಲೇ ಜಾಸ್ತಿ, ಅದರಲ್ಲಿ ಎಷ್ಟೋ ಟರ್ಕಿಯಂಥ ಹಬ್ಬದ ಅಡುಗೆಯಿಂದ.

ಅವಳಿಗೆ ಹೇಳಿದ್ದು ಇಷ್ಟು. ಇಡೀ ಕೋಳಿಯನ್ನು ಹಾಗೇ ಫ್ರಿಡ್ಜಿಗೆ ತುರುಕಬೇಡ, ಅದೂ ಡಬರಿ ಇದ್ದ ಹಾಗೇ, ಒಳಗೆ ಬೇಗ ತಣ್ಣಗಾಗುವುದಿಲ್ಲ. ಓವನ್ನಿನಿಂದ ತೆಗೆದ ಎರಡು ಗಂಟೆಯೊಳಗೆ ಮೂಳೆಯಿಂದ ಬಾಡು ಬಿಡಿಸಿ ಫ್ರಿಡ್ಜಿಗಿಡು. ಹೊಟ್ಟೆಯೊಳಗೆ ತುಂಬಿದ ಬ್ರೆಡ್ಡಿನ ಹೂರಣ ಇದ್ದರೆ ಪೂರ್ತಿ ತೆಗೆದು ಬೇರೆ ಇಡು. ಬಾಡನ್ನು ಅಗಲ ಡಬ್ಬಿಗಳಲ್ಲಿ ಹರಡು.

ಟರ್ಕಿಗೆ ಇನ್ನೊಂದು ತೊಂದರೆ ಇದೆ, ರುಚಿಯದ್ದು. ಎದೆಯ ಬಾಡಿನಲ್ಲಿ ಕೊಬ್ಬು ಕಡಿಮೆ, ಮತ್ತೆ ಬಿಸಿ ಮಾಡಿದರೆ ನಾರು ನಾರಾಗುತ್ತದೆ. ಮಾರನೇ ದಿನಕ್ಕೆ ಒಂಥರಾ ರಟ್ಟಿನ ವಾಸನೆಯೂ ಬರುತ್ತದೆ. ಬೆಂದ ಬಾಡಿನ ಕೊಬ್ಬು ಗಾಳಿಗೆ ತಾಗಿ ಕೆಡುವುದರಿಂದ ಅದು ಬರುತ್ತದೆ, ಮಾಂಸದಲ್ಲಿರುವ ಕಬ್ಬಿಣ ಅದಕ್ಕೆ ಕೈಜೋಡಿಸುತ್ತದೆ. ಗಾಳಿ ತಾಗದ ಹಾಗೆ ಸಾರಿನಲ್ಲಿ ಮುಳುಗಿಸಿಟ್ಟರೆ ಆ ವಾಸನೆ ಕಡಿಮೆ. ಲವಂಗ, ಚಕ್ಕೆ, ಶುಂಠಿ, ಬೆಳ್ಳುಳ್ಳಿ ಕೂಡ ಕೊಬ್ಬು ಕೆಡುವುದನ್ನು ತಡೆಯುತ್ತವೆ. ನಮ್ಮ ಬಾಡಿನ ಸಾರಿಗೆ ಮಾರನೇ ದಿನ ಆ ವಾಸನೆ ಬಾರದೆ, ಉಪ್ಪು ಖಾರ ತುಂಡಿನೊಳಗೆ ಇಳಿದು ರುಚಿ ಇನ್ನೂ ಏರುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಅವಳು ಟರ್ಕಿ ಬಾಡನ್ನು ಬೆರಳಲ್ಲೇ ಎಳೆ ಎಳೆ ಬಿಡಿಸಿ, ಈರುಳ್ಳಿ, ಹಸಿಮೆಣಸು, ಕರಿಬೇವಿನ ಒಗ್ಗರಣೆಯಲ್ಲಿ ಮಸಾಲೆ ಹುರಿದು, ಬಾಡನ್ನು ಕೊನೆಗೆ ಹಾಕಿ, ಒಂದು ಲೋಟ ಸಾರು ಬಿಟ್ಟು ಕುದಿಸಿ ಇಳಿಸಿದಳು. ಮೊದಲೇ ಬೆಂದದ್ದು, ಮತ್ತೆ ಬೇಯಿಸುವ ಕೆಲಸವಿಲ್ಲ. ಚಪಾತಿಗೆ ಅದು ಸರಿಹೋಯಿತು. ಮೂಳೆಗಳನ್ನು ಕರಿಮೆಣಸು, ಬೆಳ್ಳುಳ್ಳಿ, ಧನಿಯ ಹಾಕಿ ಎರಡು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ, ಪಲಾವಿಗೆ ಆ ನೀರನ್ನೇ ಹಾಕಿದಳಂತೆ. ಅವಳ ಗಂಡ ಮೂರು ಸಲ ಬಡಿಸಿಕೊಂಡರಂತೆ.

ನಮ್ಮ ನಾಟಿ ಕೋಳಿ ಸಾರಿಗೆ ಇಷ್ಟೆಲ್ಲ ಕಷ್ಟವಿಲ್ಲ. ಫ್ರಿಡ್ಜಿನಿಂದ ತೆಗೆದಾಗ ಅದು ಅಲುಗಾಡುವ ಹಲ್ವದ ಹಾಗೆ ಗಟ್ಟಿಯಾಗಿರುತ್ತದೆ, ಮೇಲೆ ಹಳದಿ ಕೊಬ್ಬಿನ ಪದರ. ಕೆಟ್ಟುಹೋಗಿದೆ ಅಂತ ಚೆಲ್ಲಿದವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಬಲಿತ ಕೋಳಿಯ ಮೂಳೆ, ಕೀಲಿನ ಅಂಟು ಕುದಿದು ಕರಗಿ, ತಣ್ಣಗಾದಾಗ ಹಾಗೆ ಹೆಪ್ಪುಗಟ್ಟುತ್ತದೆ, ಅದು ಒಳ್ಳೆಯ ಸಾರಿನ ಲಕ್ಷಣ. ಬಿಸಿಯಾದರೆ ಮತ್ತೆ ನೀರಾಗುತ್ತದೆ. ಮೇಲಿನ ಕೊಬ್ಬನ್ನು ಸ್ವಲ್ಪ ತೆಗೆದಿಟ್ಟುಕೊಂಡು ಅದರಲ್ಲೇ ಮೊಟ್ಟೆ ಪಲ್ಯಕ್ಕೆ ಒಗ್ಗರಣೆ ಹಾಕಿ ನೋಡಿ. ಮೊದಲ ಬೆಳಿಗ್ಗೆ ದೋಸೆಗೆ ಸಾರು. ರಾತ್ರಿ ಅದನ್ನೇ ಬತ್ತಿಸಿ ಗೊಜ್ಜು ಮಾಡಿ, ಅಕ್ಕಿ ರೊಟ್ಟಿಗೆ. ಮೂರನೇ ದಿನ ಉಳಿದ ತುಂಡುಗಳ ಮೂಳೆ ಬಿಡಿಸಿ ಪಲಾವ್, ಅವತ್ತೇ ಮುಗಿಸಿ. ಹಾಗೆ ಮಾಡಿದರೆ ಫ್ರೀಜರ್ ತನಕ ಹೋಗುವುದೇ ಇಲ್ಲ.

ಅಮ್ಮ ಮೊದಲು ಒಪ್ಪಲಿಲ್ಲ. ಐವತ್ತು ವರ್ಷದಿಂದ ಒಲೆ ಮೇಲೇ ಇಟ್ಟಿದೀವಿ, ಯಾರಿಗೇನಾಯ್ತು ಅಂದರು. ಎಂಟು ಜನ ಮಲಗಿದ್ದ ಆ ರಾತ್ರಿಯ ಮಾತು ತೆಗೆದೆ, ಸುಮ್ಮನಾದರು. ಈ ಸಲ ಹೊಸತೊಡಕಿನ ಸಂಜೆ ಇನ್ನೂ ನೆಂಟರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು, ಒಳಗಿಂದ ಅಮ್ಮನ ದನಿ ಕೇಳಿಸಿತು: "ಬೋಸಿ ತೊಳೆದಿಟ್ಟಿದೀಯೇನೇ? ಟಬ್ಬಿಗೆ ನೀರು ಬಿಡು, ಸಾರು ಸುರೀತೀನಿ."